ಬಳ್ಳಾರಿ ಲ್ಯಾಬಿನಲ್ಲೇ ಸಿಎಫ್‌ಎಚ್‌ಆರ್‌1 ಪಿಸಿಆರ್: ನಮ್ಮ ಅನುಭವ

ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಈ ಜೀನ್ ಪರೀಕ್ಷೆ ಆಗುವ ಕೆಲಸವಲ್ಲ ಅಂದವರೇ ಹೆಚ್ಚು. ಆಯಿತು. ಡಿಎನ್‌ಎಯ ಒಂದು ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರ, ಆ ತುಣುಕನ್ನು ಗೆರೆಯಾಗಿ (ಬ್ಯಾಂಡು) ತೋರಿಸುವ ಜೆಲ್ ಟ್ಯಾಂಕು ಇಷ್ಟರಲ್ಲೇ, ಎಟಿಪಿಕಲ್ ಎಚ್‌ಯುಎಸ್ (ಕೆಂಪು ರಕ್ತಕಣ ಒಡೆದು ಕಿಡ್ನಿ ಕೆಡುವ ಅಪರೂಪದ ಕಾಯಿಲೆ) ಇರುವ ಮಗುವಿನಲ್ಲಿ ಸಿಎಫ್‌ಎಚ್‌ಆರ್‌1 ಜೀನಿನ ಎರಡೂ ಪ್ರತಿಗಳು ಅಳಿಸಿಹೋಗಿವೆಯೇ ಎಂದು ಮರುದಿನವೇ ಹೇಳುತ್ತೇವೆ. ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಫ್ಯಾಕ್ಟರ್ ಎಚ್ ಪ್ರೋಟೀನಿನ ವಿರುದ್ಧ ಆ್ಯಂಟಿಬಾಡಿ ಇರುವ ಮಕ್ಕಳಲ್ಲಿ ಬಹುಪಾಲು ಈ ಅಳಿಕೆ ಸಿಗುತ್ತದೆ.

ಮೊದಲು ಹಿಡಿದದ್ದು ಜೀನಿನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ದಾರಿ. ಅದು ನಮ್ಮ ಊರಿಗೆ ಒಗ್ಗಲಿಲ್ಲ. 60 ಡಿಗ್ರಿಯಲ್ಲಿ 16 ತಾಸು, ಟ್ಯೂಬಿನಲ್ಲಿರುವುದು ಬರೀ 8 ಮೈಕ್ರೋಲೀಟರ್; ಮುಚ್ಚಳ ಸ್ವಲ್ಪ ಸಡಿಲಿದ್ದರೂ ಆವಿಯಾಗಿ ಪೀಕುಗಳು ಕೆಡುತ್ತವೆ. ರಾತ್ರಿ ಕರೆಂಟು ಹೋದರೆ ಇಡೀ ರನ್ ಹಾಳು. ಪ್ರತಿ ರನ್ನಿಗೂ ಹೋಲಿಕೆಗೆ ಕನಿಷ್ಠ ಮೂರು ಆರೋಗ್ಯವಂತರ ರೆಫರೆನ್ಸ್ ಸ್ಯಾಂಪಲ್ ಬೇಕು. ರೋಗಿ ಒಬ್ಬನೇ ಇದ್ದಾಗ ದುಬಾರಿ ಕಿಟ್ಟನ್ನು ರೆಫರೆನ್ಸುಗಳೇ ತಿಂದುಹಾಕುತ್ತವೆ. ಹೊರಗೆ ಕಳಿಸಿದರೆ ಸಾವಿರಗಟ್ಟಲೆ. ಜೆಲ್ ಪಿಸಿಆರಿಗೆ ನಮಗೆ ಸ್ಯಾಂಪಲ್ಲಿಗೆ ಇನ್ನೂರರ ಆಸುಪಾಸು ಬೀಳುತ್ತದೆ.

ಕಷ್ಟವೆಲ್ಲ ಪ್ರೈಮರಿನದು, ಅಂದರೆ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಣುಕಿನದು. ಸಿಎಫ್‌ಎಚ್‌ಆರ್‌1ರ ಕೊನೆಯ ಎಕ್ಸಾನ್‌ಗಳು (ಪ್ರೋಟೀನಿನ ಸೂಚನೆ ಇರುವ ಭಾಗಗಳು) ಫ್ಯಾಕ್ಟರ್ ಎಚ್ ಜೀನಾದ ಸಿಎಫ್‌ಎಚ್‌ನ ಕೊನೆಯವಕ್ಕೆ ಹೆಚ್ಚುಕಡಿಮೆ ತದ್ರೂಪು. ಅಲ್ಲಿ ಪ್ರೈಮರ್ ಇಟ್ಟರೆ ಜೀನ್ ಇಲ್ಲದವರಲ್ಲೂ ಬ್ಯಾಂಡು ಮೂಡುತ್ತದೆ. ಎಕ್ಸಾನ್‌ಗಳ ನಡುವಿನ ಇಂಟ್ರಾನ್‌ಗೆ ಹೋಗಿ, ಎರಡೂ ಜೀನ್ ಬೇರೆಯಾಗುವ ಬೇಸಿನ (ಡಿಎನ್‌ಎ ಅಕ್ಷರ) ಮೇಲೆ ಪ್ರೈಮರಿನ 3 ಪ್ರೈಮ್ ತುದಿ, ಅಂದರೆ ನಕಲು ಮುಂದುವರಿಯುವ ತುದಿ, ಕೂರಿಸಬೇಕು. ನಮ್ಮ ಜಾಗ ಯಾವುದು, ಪ್ರೈಮರ್ ಅಂಟುವ (ಅನೀಲಿಂಗ್) ಉಷ್ಣತೆ ಎಷ್ಟು ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಬ್ಯಾಂಡು ಇಲ್ಲದಿರುವುದೇ ಇಲ್ಲಿ ಫಲಿತಾಂಶ. ಹಾಗಾಗಿ ಅದೇ ಟ್ಯೂಬಿನಲ್ಲಿ ಇನ್ನೊಂದು ಜೀನಿನ ಕಂಟ್ರೋಲ್ ಬ್ಯಾಂಡು ಬರಲೇಬೇಕು, ಅದೂ ಗುರಿಯ ಬ್ಯಾಂಡಿಗಿಂತ ಉದ್ದವಿರಬೇಕು: ನಮ್ಮಲ್ಲಿ ಕಂಟ್ರೋಲ್ ಸುಮಾರು 500 ಬೇಸ್, ಗುರಿ 300. ಡಿಎನ್‌ಎ ಹಾಳಾಗಿದ್ದರೆ ಮೊದಲು ಸೋಲುವುದು ಉದ್ದನೆಯದು. ಅದು ಬಂದು ಚಿಕ್ಕದು ಬರದಿದ್ದರೆ ಮಾತ್ರ ಅಳಿಕೆಯನ್ನು ನಂಬಬಹುದು. ಪ್ರತಿ ಜೆಲ್ಲಿನಲ್ಲೂ ಜೀನ್ ಇರುವ ಒಂದು, ಇಲ್ಲದ ಒಂದು, ಬರೀ ನೀರಿನ ಒಂದು ಲೇನ್ ಇರಲೇಬೇಕು.

ರಕ್ತ ಏರಿಸುವ ಮೊದಲೇ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಎಂಎಲ್ ತೆಗೆಯಬೇಕು. ಏರಿಸಿದ ಮೇಲೆ ದಾನಿಯ ಬಿಳಿ ರಕ್ತಕಣಗಳಿಂದ ಮಸುಕು ಬ್ಯಾಂಡು ಬಂದು ಓದು ತಪ್ಪುತ್ತದೆ. ಪಿಸಿಆರನ್ನು 35 ಸೈಕಲ್ (ಸುತ್ತು) ಓಡಿಸಿದರೆ ಇದು ಇನ್ನೂ ಜಾಸ್ತಿ, 30ಕ್ಕೆ ನಿಲ್ಲಿಸಿ. ಹೆಪಾರಿನ್ ಟ್ಯೂಬು ಪಿಸಿಆರನ್ನೇ ತಡೆಯುತ್ತದೆ. ಆ್ಯಂಟಿಬಾಡಿ, ಸಿ3 (ಒಂದು ಕಾಂಪ್ಲಿಮೆಂಟ್ ಪ್ರೋಟೀನ್) ಪರೀಕ್ಷೆಗೆ ಬೇಕಾದ ಸೀರಮ್ಮನ್ನೂ ಪ್ಲಾಸ್ಮಾ ಎಕ್ಸ್‌ಚೇಂಜಿಗೆ (ರೋಗಿಯ ಪ್ಲಾಸ್ಮಾ ತೆಗೆದು ಬೇರೆ ಕೊಡುವ ಚಿಕಿತ್ಸೆ) ಮೊದಲೇ ತೆಗೆದಿಡಿ. ಡಿಎನ್‌ಎ ತೆಗೆಯಲು ಉಪ್ಪಿನ ವಿಧಾನ ಸಾಕು, ಆದರೆ 70% ಎಥನಾಲಿನಲ್ಲಿ ಎರಡು ಸಲ ತೊಳೆಯದಿದ್ದರೆ ಉಳಿದ ಉಪ್ಪು ಕಾಡುತ್ತದೆ. ಬಫರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ.

ಫಿಲ್ಟರ್ ಪೇಪರಿನ ಮೇಲೆ ಒಣಗಿಸಿದ ರಕ್ತವನ್ನೂ ನೋಡಿದ್ದೇವೆ. ಚೆನ್ನಾಗಿ ಒಣಗಿಸಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟರೆ ಓದಲು ಬರುತ್ತದೆ, ಕಂಟ್ರೋಲ್ ಬ್ಯಾಂಡು ಮಾತ್ರ ತೆಳ್ಳಗಾಗುತ್ತದೆ. ರಾಯಚೂರು, ಕೊಪ್ಪಳದಿಂದ ಬಿಸಿಲಲ್ಲಿ ಬರುವ ಸ್ಯಾಂಪಲ್ಲಿಗೆ ಇದನ್ನೇ ಮುಂದುವರಿಸುತ್ತಿದ್ದೇವೆ.

ಒಂದೇ ಪ್ರತಿ ಅಳಿಸಿದ್ದರೆ ಜೆಲ್ ಹೇಳುವುದಿಲ್ಲ. ಹಾಗಾಗಿ ಒಂದೊಂದೇ ಪ್ರತಿ ಅಳಿಸಿರಬಹುದಾದ ತಂದೆತಾಯಿಗೆ ಎಂಎಲ್‌ಪಿಎನೇ ಬೇಕು. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು ಇನ್ನೂ ಇದೆ, ಒಡಹುಟ್ಟಿದವರಲ್ಲೂ ಅಳಿಕೆ ಸಿಗಬಹುದು. ಆರೋಗ್ಯವಂತರಲ್ಲೂ ಇದು ಇರುತ್ತದೆ. ಆ್ಯಂಟಿಬಾಡಿ ಇಲ್ಲದೆ ಬರೀ ಜೆಲ್ ನೋಡಿ ಯಾರಿಗೂ ರೋಗ ಅಂಟಿಸಬೇಡಿ.