ದ್ರಾಕ್ಷಿ ಅಲ್ಲ, ಚಕ್ಕೋತ

ಸಾಗರದಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್. ಕೌಂಟರ್ ಹಿಂದೆ ನಿಂತು 19 ವರ್ಷ ಆಯ್ತು. ಕಳೆದ ವರ್ಷ ಒಂದು ಸಂಜೆ ಒಬ್ಬ ಹೆಣ್ಣುಮಗಳು ಬಂದರು. ಅವರ ಮಾವನವರಿಗೆ ಶ್ವಾಸಕೋಶದ ಫೈಬ್ರೋಸಿಸ್, ಅಂದರೆ ಶ್ವಾಸಕೋಶದಲ್ಲಿ ಕಲೆ ಕಟ್ಟುವ ಕಾಯಿಲೆ. ತಿಂಗಳ ಮಾತ್ರೆ ನಮ್ಮಲ್ಲೇ ತಗೊಳ್ಳುತ್ತಾರೆ.

"ಅಣ್ಣ, ಮಾವಂಗೆ ದ್ರಾಕ್ಷಿ ಕೊಡಬಾರದಂತೆ. ಮೊಬೈಲಲ್ಲಿ ಕನ್ನಡದಲ್ಲೇ ಬಂದಿದೆ. ಪಾಯಸದಲ್ಲಿರೋ ಒಣದ್ರಾಕ್ಷಿನೂ ಆರಿಸಿ ತೆಗೀತಾ ಇದ್ದೀನಿ."

ಮೊಬೈಲ್ ಇಸ್ಕೊಂಡು ನೋಡಿದೆ. ಇಂಗ್ಲಿಷಿನ 'ಗ್ರೇಪ್‌ಫ್ರೂಟ್' ಅನ್ನೋದನ್ನು ಯಾವುದೋ ಯಂತ್ರ 'ದ್ರಾಕ್ಷಿಹಣ್ಣು' ಮಾಡಿಬಿಟ್ಟಿತ್ತು. ಗ್ರೇಪ್‌ಫ್ರೂಟಿಗೂ ದ್ರಾಕ್ಷಿಗೂ ಹೆಸರಿನ ನಂಟು ಬಿಟ್ಟರೆ ಏನೂ ಇಲ್ಲ. ಅದು ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ ಹಣ್ಣು.

"ದ್ರಾಕ್ಷಿ ಬದಲು ಈಗ ಯಾವ ಹಣ್ಣು ಕೊಡ್ತಾ ಇದ್ದೀರಿ?" ಅಂತ ಸುಮ್ನೆ ಕೇಳಿದೆ.

"ಹಿತ್ತಿಲಲ್ಲಿ ಚಕ್ಕೋತ ಬಿಟ್ಟಿದೆಯಲ್ಲ, ದಿನಾ ಅದನ್ನೇ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕೆಲವು ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಏರಿಸುವ ಗುಣ ಗ್ರೇಪ್‌ಫ್ರೂಟಿಗೂ ಇದೆ, ಚಕ್ಕೋತಕ್ಕೂ ಇದೆ. ಅವರ ಮಾತ್ರೆ ಪಿರ್ಫೆನಿಡೋನ್. ಅದರ ಜೊತೆ ಗ್ರೇಪ್‌ಫ್ರೂಟ್ ರಸ ಬೇಡ ಅಂತ ಆ ಔಷಧಿಯ ಯುರೋಪಿನ ಮಾಹಿತಿ ಕರಪತ್ರದಲ್ಲೇ ಇದೆ. ದ್ರಾಕ್ಷಿ ಧಾರಾಳವಾಗಿ ಕೊಡಿ, ಚಕ್ಕೋತ ನಿಲ್ಲಿಸಿ ಅಂದೆ. ಆಮೇಲೆ ಒಂದೆರಡು ಚಕ್ಕೋತ ಅಂಗಡಿಗೇ ಬಂದವು. ನಮ್ಮನೆಯವಳು ಕೊಲೆಸ್ಟ್ರಾಲಿಗೆ ಅಟಾರ್ವಾಸ್ಟಾಟಿನ್ ತಗೊಳ್ಳುತ್ತಾಳೆ, ಅವಳಿಗೂ ಕೊಡುವ ಹಾಗಿಲ್ಲ. ಅಷ್ಟೂ ನಾನೇ ತಿಂದೆ.

ಆದರೆ ಹಣ್ಣು ಇಲ್ಲಿ ಸಣ್ಣ ವಿಷಯ. ಈ ಕಾಯಿಲೆಯವರ ಜೊತೆ ಒಡನಾಡಿ ನನಗೆ ಗೊತ್ತಾದದ್ದು ಬೇರೆ. ಏನು ತಿನ್ನಬಾರದು ಅನ್ನೋದಕ್ಕಿಂತ ಮಾತ್ರೆಯನ್ನು ಊಟದ ಯಾವ ಹಂತದಲ್ಲಿ ನುಂಗುತ್ತಾರೆ, ಅದರ ಜೊತೆ ಇನ್ನೇನು ಹೊಟ್ಟೆಗೆ ಹೋಗುತ್ತಿದೆ ಅನ್ನೋದೇ ದೊಡ್ಡದು.

ಆ ಮಾವನವರಿಗೆ 68 ವರ್ಷ. ಅಡಿಕೆ ತೋಟ ಇದೆ. ಬೆಳಿಗ್ಗೆ ಆರಕ್ಕೆ ಕಷಾಯ, ಅದರ ಜೊತೆಗೇ ಮಾತ್ರೆ. ತಿಂಡಿ ಒಂಬತ್ತಕ್ಕೆ. ಏಳು ಗಂಟೆಗೆ ಹೊಟ್ಟೆ ತೊಳೆಸುತ್ತಿತ್ತು, ತಲೆ ಸುತ್ತುತ್ತಿತ್ತು. "ಈ ಔಷಧಿ ನನಗೆ ಆಗಿಬರೋದಿಲ್ಲ" ಅಂತ ಎರಡು ಸಲ ಬಿಟ್ಟೂ ಇದ್ದರು. ಖಾಲಿ ಹೊಟ್ಟೆಯಲ್ಲಿ ಪಿರ್ಫೆನಿಡೋನ್ ನುಂಗಿದರೆ ರಕ್ತದಲ್ಲಿ ಅದು ಒಮ್ಮೆಲೇ ಜಿಗಿಯುತ್ತದೆ. ಊಟದ ಜೊತೆ ಆದರೆ ಆ ಜಿಗಿತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಟ್ಟು ಸೇರುವ ಔಷಧಿ ಮಾತ್ರ ಸ್ವಲ್ಪವೇ ಕಡಿಮೆ ಆಗುತ್ತದೆ.

ಅವರದು 200 ಮಿ.ಗ್ರಾಂ. ಮಾತ್ರೆ, ಹೊತ್ತಿಗೆ ಮೂರು. ಡಾಕ್ಟರ್ ಹತ್ತಿರ ಫೋನಲ್ಲಿ ಮಾತಾಡಿ ಹೀಗೆ ಮಾಡಿದೆವು: ಒಂದು ದೋಸೆ ತಿನ್ನಿ, ಒಂದು ಮಾತ್ರೆ. ಎರಡನೇ ದೋಸೆ, ಎರಡನೇ ಮಾತ್ರೆ. ಹಾಗೇ ಮೂರನೆಯದು. ಮಧ್ಯಾಹ್ನ ತಂಬುಳಿ ಅನ್ನಕ್ಕೊಂದು, ಸಾರನ್ನಕ್ಕೊಂದು, ಮಜ್ಜಿಗೆ ಅನ್ನಕ್ಕೊಂದು. ಸೊಸೆ ನಗುತ್ತಾ "ಬಡಿಸೋ ಸಾಲಿಗೆ ಮಾತ್ರೆನೂ ಸೇರ್ತು" ಅಂದರು. ಎರಡು ವಾರದಲ್ಲಿ ಹೊಟ್ಟೆ ತೊಳೆಸುವುದು ಮುಕ್ಕಾಲು ಪಾಲು ನಿಂತಿತು. ಕರಪತ್ರದಲ್ಲಿ 'ಆಹಾರದ ಜೊತೆ' ಅಂತ ಎರಡೇ ಪದ ಇರುತ್ತೆ. ಒಂದು ಬಿಸ್ಕತ್ತು ತಿಂದು ನುಂಗಿದವರೂ ಅದನ್ನು ಪಾಲಿಸಿದೆ ಅಂತಲೇ ತಿಳಿದಿರುತ್ತಾರೆ, ಅಲ್ವಾ?

ಈಗ ನನ್ನದೇ ತಪ್ಪು. ಒಂದು ದಿನ ಅವರ ಮಗ ಬಂದು ಉರಿಮೂತ್ರಕ್ಕೆ ಅಂತ ಚೀಟಿ ಕೊಟ್ಟ. ಸಿಪ್ರೋಫ್ಲಾಕ್ಸಸಿನ್ 500 ಅನ್ನೋ ಆಂಟಿಬಯಾಟಿಕ್. ಅಂಗಡಿ ತುಂಬಾ ಜನ. ಯಾರಿಗೆ ಅಂತಲೂ ಕೇಳದೆ ಕೊಟ್ಟುಬಿಟ್ಟೆ. ಮೂರನೇ ದಿನ ಸೊಸೆ ಫೋನ್ ಮಾಡಿದರು. ಮಾವ ಎದ್ದು ನಿಂತರೆ ಓಲಾಡುತ್ತಾರೆ, ಒಂದು ತುತ್ತೂ ಸೇರುತ್ತಿಲ್ಲ ಅಂತ. ಸ್ಟ್ರಿಪ್ಪಿನ ಹೆಸರು ಓದಿಸಿದಾಗ ಮೈ ತಣ್ಣಗಾಯಿತು.

ಮನೆಯವರಿಗೆ ಅಡಿಕೆ ಲೆಕ್ಕದಲ್ಲೇ ಹೇಳಿದೆ. ಲಿವರ್‌ನಲ್ಲಿ ಈ ಔಷಧಿಯನ್ನು ಒಡೆದು ಹೊರಗೆ ಹಾಕುವ ಒಂದು ಕಿಣ್ವ ಇದೆ. ಅದನ್ನು ಅಡಿಕೆ ಸುಲಿಯುವ ಆಳು ಅಂದುಕೊಳ್ಳಿ. ಸಿಪ್ರೋಫ್ಲಾಕ್ಸಸಿನ್ ಬಂದರೆ ಆಳಿನ ಕೈ ಕಟ್ಟಿದ ಹಾಗೆ. ಗೊನೆ ಬರುತ್ತಲೇ ಇರುತ್ತದೆ, ಅಂಗಳದಲ್ಲಿ ರಾಶಿ ಬೀಳುತ್ತದೆ. ಸಿಪ್ರೋಫ್ಲಾಕ್ಸಸಿನ್ 750 ಮಿ.ಗ್ರಾಂ. ದಿನಕ್ಕೆರಡು ಸಲ ಕೊಟ್ಟು ಅಳೆದಾಗ ಪಿರ್ಫೆನಿಡೋನ್ ಪ್ರಮಾಣ 81% ಏರಿದ್ದು ದಾಖಲಾಗಿದೆ. 500ರಲ್ಲೂ ಎಚ್ಚರ ಬೇಕು. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲೂವೋಕ್ಸಮೈನ್ ಇನ್ನೂ ಜೋರು. ಸುಮಾರು ನಾಲ್ಕು ಪಟ್ಟು ಏರಿಸುತ್ತದೆ. ಪಿರ್ಫೆನಿಡೋನ್ ಜೊತೆ ಅದು ಬೇಡವೇ ಬೇಡ.

ಬೀಡಿ ಹೊಗೆ ಇದರ ಉಲ್ಟಾ. ಆಳುಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಸೇದುವವರ ರಕ್ತದಲ್ಲಿ ಔಷಧಿ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿಯುತ್ತದೆ. ಸಾವಿರಾರು ರೂಪಾಯಿಯ ಮಾತ್ರೆ ನುಂಗಿ ಮೇಲೆ ಬೀಡಿ ಹಚ್ಚುವವರಿಗೆ ನಾನು ಈ ಲೆಕ್ಕವನ್ನೇ ಹೇಳುವುದು. ಶ್ವಾಸಕೋಶ ಹಾಳಾಗುತ್ತೆ ಅಂದರೆ ಯಾರೂ ಕೇಳುವುದಿಲ್ಲ. ಅರ್ಧ ದುಡ್ಡು ಹೊಗೆ ಆಯ್ತು ಅಂದರೆ ಕಿವಿಗೆ ಬೀಳುತ್ತದೆ.

ಉರಿಮೂತ್ರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಪ್ರೋ ಬದಲು ನೈಟ್ರೋಫ್ಯುರಾಂಟೋಯಿನ್ ಆಗಬಹುದಾ ಅಂತ ಮಗ ಕೇಳಿದ. ಅದು ದೀರ್ಘಕಾಲ ತಗೊಂಡವರಲ್ಲಿ ತಾನೇ ಶ್ವಾಸಕೋಶದಲ್ಲಿ ಕಲೆ ಕಟ್ಟಿಸಬಲ್ಲ ಮಾತ್ರೆ. ಕೊನೆಗೆ ಡಾಕ್ಟರ್ ಯಾವ ರೋಗಾಣು ಅಂತ ತಿಳಿಸುವ ಮೂತ್ರದ ಕಲ್ಚರ್ ರಿಪೋರ್ಟ್ ನೋಡಿ ಬೇರೆಯದು ಬರೆದುಕೊಟ್ಟರು. ಅವತ್ತಿನಿಂದ ಈ ಕಾಯಿಲೆಯವರ ಫೈಲಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: 'ಪಿರ್ಫೆನಿಡೋನ್ ಇದೆ, ಕೇಳಿ ಕೊಡಿ'. ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ್ ಆದರೂ, ಆ ಫೈಲ್ ಮೇಜಿನ ಮೇಲೆ ಇಡಬೇಕು.

ಬಿಸಿಲಿನ ವಿಷಯ ಸಣ್ಣದಾಗಿ ಹೇಳಿಬಿಡುತ್ತೇನೆ. ಈ ಮಾತ್ರೆಯಿಂದ ಚರ್ಮ ಬೇಗ ಸುಡುತ್ತದೆ. ಅಡಿಕೆ ಒಣಗಿಸಲು ಅಂಗಳದಲ್ಲಿ ನಿಂತು ಮಾವನವರ ಕುತ್ತಿಗೆ ಹಿಂದೆ ಕೆಂಪು ಬರೆ ಎದ್ದಿತ್ತು. ತುಂಬು ತೋಳಿನ ಅಂಗಿ, ಟೋಪಿ, ಬಿಸಿಲೇರಿದ ಮೇಲೆ ಒಳಗೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಚರ್ಮಕ್ಕೆ ಇದನ್ನೇ ಮಾಡುತ್ತದೆ. ಎರಡೂ ಸೇರಿದರೆ ಕಷ್ಟ.

ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ನಿಂಟೆಡಾನಿಬ್. ಅದರ ದಾರಿಯೇ ಬೇರೆ. ನಮ್ಮಲ್ಲಿ ಇಬ್ಬರು ತಗೊಳ್ಳುತ್ತಾರೆ. ಒಬ್ಬರಿಗೆ ಹೃದಯದ ಸ್ಟೆಂಟ್ ಇದೆ, ರಕ್ತ ತೆಳು ಮಾಡುವ ಮಾತ್ರೆ ನಡೆದಿದೆ. ನಿಂಟೆಡಾನಿಬ್ ರಕ್ತಸ್ರಾವದ ಅಪಾಯವನ್ನು ಇನ್ನಷ್ಟು ಹೆಚ್ಚಿಸಬಹುದು. ಹಾಗಾಗಿ ಒಸಡಿನಲ್ಲಿ ರಕ್ತ ಬಂದರೂ, ಮಲ ಕಪ್ಪಾದರೂ ತಡ ಮಾಡಬೇಡಿ ಅಂದಿದ್ದೇನೆ. ಇನ್ನೊಬ್ಬರಿಗೆ ಭೇದಿ. ಈ ಮಾತ್ರೆಯಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬರುತ್ತದೆ. ಅವರು ಎದೆಯುರಿಗೆ ಅಂತ ಮೆಗ್ನೀಷಿಯಂ ಇರುವ ಆಂಟಾಸಿಡ್ ಬಾಟಲಿಯನ್ನು ತಾವಾಗೇ ಕುಡಿಯುತ್ತಿದ್ದರು. ಮೆಗ್ನೀಷಿಯಂ ಕೂಡ ಭೇದಿ ತರಿಸುತ್ತದೆ. ಬಾಟಲಿ ಬಿಡಿಸಿದ ಮೇಲೆ ದಿನಕ್ಕೆ ಆರು ಸಲ ಇದ್ದದ್ದು ಎರಡಕ್ಕೆ ಇಳಿಯಿತು.

ಟಿಬಿ ಬಂದರೆ ಮಾತ್ರ ದೊಡ್ಡ ಪೇಚು. ಟಿಬಿಗೆ ಕೊಡುವ ರಿಫಾಂಪಿಸಿನ್ ನಿಂಟೆಡಾನಿಬ್‌ನ ಮಟ್ಟವನ್ನು ಅರ್ಧಕ್ಕೆ ಇಳಿಸುತ್ತದೆ. ಪಿರ್ಫೆನಿಡೋನ್ ಮಟ್ಟವೂ ಇಳಿಯುತ್ತದೆ. ಅದನ್ನು ಶ್ವಾಸಕೋಶದ ಡಾಕ್ಟರ್ ಕೂತು ಬಿಡಿಸಬೇಕು. ಕೌಂಟರಿನಲ್ಲಿ ಬಗೆಹರಿಯುವ ಮಾತಲ್ಲ.

ಪಿರ್ಫೆನಿಡೋನ್ 14 ದಿನ ಸತತವಾಗಿ ತಪ್ಪಿದರೆ ಮತ್ತೆ ಮೊದಲ ಮೆಟ್ಟಿಲಿಂದ, ಹೊತ್ತಿಗೆ ಒಂದೇ ಮಾತ್ರೆಯಿಂದ ಶುರು ಮಾಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಬಸ್ ನಿಂತರೆ ಪೇಟೆಗೆ ಬರುವುದೇ ಆಗುವುದಿಲ್ಲ. ಅದಕ್ಕೇ ಈಗ ಮೇ ಕೊನೆಯಲ್ಲೇ ಮಾವನವರ ಮನೆಗೆ ಎರಡು ತಿಂಗಳ ಮಾತ್ರೆ ಕಳಿಸುತ್ತೇನೆ. ಜೊತೆಗೆ ಲಿವರ್ ಟೆಸ್ಟಿನ ತಾರೀಕು ಬರೆದ ಚೀಟಿ.