ಒಂದು ಕಪ್ ಅಂದರೆ ಎಷ್ಟು ಗ್ರಾಂ?

ಮೈಸೂರು ಪಾಕಿಗೆ ಕಡ್ಲೆಹಿಟ್ಟು ಒಂದು, ಸಕ್ಕರೆ ಎರಡು ಅಂತ ಯಾರಾದರೂ ಹೇಳಿದರೆ ಅದು ಲೋಟದ ಲೆಕ್ಕ, ತಕ್ಕಡಿ ಲೆಕ್ಕ ಅಲ್ಲ. ಈಗ ಎಲ್ಲರ ಮನೆಗೂ ಪುಟ್ಟ ತೂಕದ ಯಂತ್ರ ಬಂದಿದೆ, ಕಾಲು ಕೆಜಿ ಹಿಟ್ಟಿಗೆ ಅರ್ಧ ಕೆಜಿ ಸಕ್ಕರೆ ತೂಗಿ ಒಲೆ ಹಚ್ಚುತ್ತಾರೆ. ಪಾಕ ಸಾಲುವುದೇ ಇಲ್ಲ! 240 ಮಿಲಿ ಕಪ್ಪಿನಲ್ಲಿ ಕಡ್ಲೆಹಿಟ್ಟು ಹಿಡಿಸುವುದು ಸುಮಾರು 100 ಗ್ರಾಂ, ಸಕ್ಕರೆ 200 ಗ್ರಾಂ. ಅಂದರೆ ಲೋಟದಲ್ಲಿ ಒಂದಕ್ಕೆ ಎರಡು ಅನ್ನುವುದು ತೂಕದಲ್ಲಿ ಒಂದಕ್ಕೆ ನಾಲ್ಕಾಗುತ್ತದೆ. ಕಾಲು ಕೆಜಿ ಹಿಟ್ಟಿಗೆ ಒಂದು ಕೆಜಿ ಸಕ್ಕರೆ ಬೇಕು.

ಹಾಗಾಗಿ ಒಂದೇ ಅಂಕಿ ಇಟ್ಟುಕೊಂಡು ಎಲ್ಲವನ್ನೂ ಗುಣಿಸಬೇಡಿ. ಅದೇ ಕಪ್ಪಿನಲ್ಲಿ ಮೈದಾ 120 ಗ್ರಾಂ, ರವೆ 165ರಿಂದ 170, ಅಕ್ಕಿ, ಬೇಳೆ ಎರಡೂ 200ರ ಆಸುಪಾಸು. ಹಿಟ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಡಬ್ಬಿಯೊಳಗೇ ಕಪ್ ಅದ್ದಿ ಒತ್ತಿ ತುಂಬಿದರೆ 20-30 ಗ್ರಾಂ ಜಾಸ್ತಿ ಬರುತ್ತದೆ, ಕೇಕ್ ಗಟ್ಟಿಯಾಗುವುದು ಎಷ್ಟೋ ಸಲ ಇದರಿಂದಲೇ. ಚಮಚದಿಂದ ಹಗುರವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ.

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಪ್ಯಾಕೆಟ್ ತಿರುಗಿಸಿ ನೋಡಿ, 910 ಗ್ರಾಂ ಅಂತ ಅಲ್ಲೇ ಇರುತ್ತದೆ. 100 ಗ್ರಾಂ ಎಣ್ಣೆ ಬೇಕಾದರೆ 110 ಮಿಲಿ ಅಳೆಯಿರಿ. ತುಪ್ಪವೂ ಹೆಚ್ಚುಕಡಿಮೆ ಹಾಗೇ, ಆದರೆ ಕರಗಿಸಿ ಅಳೆಯಬೇಕು, ಗಟ್ಟಿ ತುಪ್ಪವನ್ನು ಲೋಟಕ್ಕೆ ಹಾಕಿದರೆ ಮಧ್ಯೆ ಮಧ್ಯೆ ಗಾಳಿ ಉಳಿದುಬಿಡುತ್ತದೆ. ಹಾಲಿಗೆ ತಲೆ ಕೆಡಿಸಿಕೊಳ್ಳಬೇಡಿ, ನೀರಿನಷ್ಟೇ ಅಂತ ಇಟ್ಟುಕೊಳ್ಳಿ.

ಬೆಲ್ಲ ಮಾತ್ರ ಲೋಟದಲ್ಲಿ ಅಳೆಯಲೇಬೇಡಿ. ಉಂಡೆ ಬೆಲ್ಲ ಜಜ್ಜಿದ್ದು ಒಂದು ತರಹ, ಪುಡಿ ಬೆಲ್ಲ ಇನ್ನೊಂದು ತರಹ, ಸುಮ್ನೆ ತೂಗಿಬಿಡಿ. ಉಪ್ಪೂ ಅಷ್ಟೇ. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ಬರುತ್ತದೆ, ಕಲ್ಲುಪ್ಪು ಅಷ್ಟು ಬರುವುದಿಲ್ಲ. ಕಲ್ಲುಪ್ಪಿನ ಉಪ್ಪಿನಕಾಯಿಗೆ ಅದೇ ಚಮಚದಲ್ಲಿ ಪುಡಿ ಉಪ್ಪು ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ.

ಇನ್ನು ನಮ್ಮ ಪಾವು, ಅಚ್ಚೇರು, ಸೇರು. ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು, ಅಷ್ಟು ಸರಿ. ಆದರೆ ಪಾವಿನ ಗಾತ್ರ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಹಳೆಯ ತೂಕದ ಸೇರು, ಆ 933 ಗ್ರಾಮಿನದು, ಅದು ಬೇರೆಯೇ ಲೆಕ್ಕ, ಇದಕ್ಕೆ ಬೆರೆಸಬೇಡಿ. ನಿಮ್ಮ ಮನೆಯ ಪಾವನ್ನು ತೂಕದ ಯಂತ್ರದ ಮೇಲಿಟ್ಟು, ಅಂಕಿ ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿ ನಿಮ್ಮ ಪಾವು. ಆಮೇಲೆ ಒರೆಸಿ ಒಣಗಿಸಿ, ಅಕ್ಕಿ, ಉದ್ದಿನಬೇಳೆ, ರವೆ ಒಂದೊಂದಾಗಿ ತುಂಬಿ ತೂಗಿ, ಆಯಾ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿಬಿಡಿ. ಅರ್ಧ ಗಂಟೆಯ ಕೆಲಸ, ಅಷ್ಟೇ.

ದೋಸೆ, ಇಡ್ಲಿಗೆ ಇದು ಯಾವುದೂ ಬೇಡ ಅಲ್ವಾ. ಅಕ್ಕಿಗೂ ಉದ್ದಿಗೂ ಒಂದೇ ಲೋಟ ಹಿಡಿದರೆ ಸಾಕು, ಲೋಟ ಯಾವುದಾದರೇನು. ರೈಸ್ ಕುಕ್ಕರ್ ಜೊತೆ ಬರುವ ಕಪ್ ಮಾತ್ರ ಬಹುಪಾಲು 180 ಮಿಲಿಯದು, ಅದರಲ್ಲಿ ಅಕ್ಕಿ ಅಳೆದು ಬೇರೆ ಕಪ್ಪಿನಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ.