ದೊಡ್ಡ ಅವಿಭಾಜ್ಯವನ್ನು ಪೆನ್ನು ಹಿಡಿದೇ ಪರೀಕ್ಷಿಸಿ

ಲೂಕಾ-ಲೇಮರ್ ಪರೀಕ್ಷೆ ಎಂದರೆ ನನಗೆ ಪ್ರಾಣ. 2ರ ಘಾತದಲ್ಲಿ 1 ಕಳೆದು ಸಿಗುವ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಹೇಳುವ ಪರೀಕ್ಷೆ ಇದು. ಟ್ಯೂಷನ್ ಮಕ್ಕಳಿಗೆ 127ರಿಂದಲೇ ಶುರು ಮಾಡಿಸುತ್ತೇನೆ. 2⁷ರಲ್ಲಿ 1 ಕಳೆದರೆ 127. ಘಾತ (ಇಲ್ಲಿ 7) ಬೆಸ ಅವಿಭಾಜ್ಯವೇ ಆಗಿರಬೇಕು, ಇದನ್ನು ಮೊದಲು ನೋಡಿಕೊಳ್ಳಿ.

4 ಬರೆಯಿರಿ. ವರ್ಗ ಮಾಡಿ, 2 ಕಳೆಯಿರಿ: 14. ಮತ್ತೆ ಹಾಗೇ ಮಾಡಿದರೆ 194. ಇದು 127ಕ್ಕಿಂತ ಜಾಸ್ತಿ ಅಲ್ವಾ? ಭಾಗಿಸಿ, ಶೇಷ 67 ಮಾತ್ರ ಇಟ್ಟುಕೊಳ್ಳಿ. ಮುಂದೆ 42, ಆಮೇಲೆ 111. ಈಗ ನಿಧಾನ ಮಾಡಿ, ಇಲ್ಲೇ ಇರುವುದು ಸೊಗಸು: 111ರ ವರ್ಗದಲ್ಲಿ 2 ಕಳೆದರೆ 12319. ಅದು 127ರ ಸರಿಯಾಗಿ 97 ಪಟ್ಟು. ಶೇಷ 0!

ಘಾತಕ್ಕಿಂತ ಎರಡು ಕಮ್ಮಿ, ಅಂದರೆ ಐದೇ ಸುತ್ತು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಘಾತ 11 ಹಾಕಿ ನೋಡಿ, 2047ಕ್ಕೆ ಸೊನ್ನೆ ಬರುವುದಿಲ್ಲ.

2024ರಲ್ಲಿ ಸಿಕ್ಕ 4,10,24,320 ಅಂಕಿಗಳ ಅವಿಭಾಜ್ಯವೂ ಇದೇ ಪರೀಕ್ಷೆ ಪಾಸಾಗಿದೆ. ಅದರ ಘಾತ 13,62,79,841.